73 ಹೊಡೆದವನಿಗೆ ಹಸಿರು ಕೋಟು, 66 ಹೊಡೆದವನಿಗೆ ಎರಡನೇ ಸ್ಥಾನ

2025ರ ಏಪ್ರಿಲ್ 13, ಭಾನುವಾರ. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ಮಾಸ್ಟರ್ಸ್ ಗಾಲ್ಫ್ ಟೂರ್ನಿಯ ಕೊನೇ ದಿನ. ಇಂಗ್ಲೆಂಡಿನ ಜಸ್ಟಿನ್ ರೋಸ್ ಅವತ್ತು 66 ಹೊಡೆತಗಳಲ್ಲಿ ಆಟ ಮುಗಿಸಿದ. ಉತ್ತರ ಐರ್ಲೆಂಡಿನ ರೋರಿ ಮೆಕಿಲ್‌ರಾಯ್‌ಗೆ 73 ಬೇಕಾಯಿತು. ಗಾಲ್ಫಿನಲ್ಲಿ ಕಮ್ಮಿ ಹೊಡೆತದಲ್ಲಿ ಮುಗಿಸಿದವನೇ ಗೆಲ್ಲೋದು ಅಂತ ಗಾಲ್ಫ್ ಗೊತ್ತಿಲ್ಲದವರಿಗೂ ಗೊತ್ತು. ಹಾಗಿದ್ದೂ ಸಂಜೆ, ಗೆದ್ದವನಿಗೆ ತೊಡಿಸುವ ಹಸಿರು ಕೋಟು ಹಾಕಿಕೊಂಡವನು ರೋರಿ. ಅದೂ ಗೆದ್ದ ಆಟವನ್ನು ಎರಡು ಸಲ ಕೈಬಿಟ್ಟು, ಮತ್ತೆ ಹಿಡಿದು, ಕೊನೇ ಹೋಲ್‌ನಲ್ಲಿ ಇನ್ನೊಂದು ಸಲ ಕೈಬಿಟ್ಟು, ಆಮೇಲೆ.

ಆ ಒಂದು ದಿನದ ಸ್ಕೋರ್‌ಕಾರ್ಡನ್ನು ಸರಿಯಾಗಿ ಓದಲು ಬಂದರೆ ಗಾಲ್ಫ್ ಅರ್ಧಕ್ಕಿಂತ ಜಾಸ್ತಿ ಅರ್ಥವಾದ ಹಾಗೆ. ಮೊದಲು ಲೆಕ್ಕದಿಂದ ಶುರು ಮಾಡೋಣ.

ಒಂದು ಕೋರ್ಸಿನಲ್ಲಿ 18 ಹೋಲ್ ಇರುತ್ತವೆ. ಹೋಲ್ ಅಂದರೆ ಬರೀ ಆ ಕುಳಿ ಅಲ್ಲ. ಮೊದಲ ಹೊಡೆತ ಹೊಡೆಯುವ ಟೀ, ಅಲ್ಲಿಂದ ಮುಂದೆ ಚೆನ್ನಾಗಿ ಕತ್ತರಿಸಿದ ಹುಲ್ಲಿನ ಫೇರ್‌ವೇ, ಆಚೀಚೆ ಮರ, ಮರಳಿನ ಬಂಕರ್, ನೀರು, ಕೊನೆಗೆ ನುಣ್ಣಗಿನ ಗ್ರೀನ್, ಅದರೊಳಗೆ ನಾಲ್ಕೂಕಾಲು ಇಂಚು ಅಗಲದ ಕುಳಿ. ಇಷ್ಟೂ ಸೇರಿ ಒಂದು ಹೋಲ್. ಪ್ರತಿಯೊಂದಕ್ಕೂ ಪಾರ್ ಅಂತ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ನುರಿತ ಆಟಗಾರ ಅದನ್ನು ಎಷ್ಟು ಹೊಡೆತದಲ್ಲಿ ಮುಗಿಸಬೇಕು ಅನ್ನುವ ಅಂದಾಜು ಅದು. ಅದರ ಹಿಂದಿನ ಲೆಕ್ಕ ಸುಲಭ: ಗ್ರೀನ್ ಹತ್ತಲು ಎಷ್ಟು ಹೊಡೆತ ಬೇಕೋ ಅಷ್ಟು, ಗ್ರೀನ್ ಮೇಲೆ ಮೆಲ್ಲಗೆ ಉರುಳಿಸಿ ಕುಳಿಗೆ ಹಾಕಲು, ಅಂದರೆ ಪಟ್ ಮಾಡಲು, ಇನ್ನೆರಡು. ಒಂದೇ ಏಟಿಗೆ ಗ್ರೀನ್ ತಲುಪಬಹುದಾದ ಚಿಕ್ಕ ಹೋಲ್ ಪಾರ್ 3, ಎರಡು ಬೇಕಾದರೆ ಪಾರ್ 4, ಮೂರು ಬೇಕಾದರೆ ಪಾರ್ 5. ಅಗಸ್ಟಾದಲ್ಲಿ ಎಲ್ಲಾ ಕೂಡಿಸಿದರೆ 72.

ಪಾರ್‌ಗಿಂತ ಒಂದು ಕಮ್ಮಿಯಲ್ಲಿ ಮುಗಿಸಿದರೆ ಬರ್ಡಿ, ಎರಡು ಕಮ್ಮಿಯಾದರೆ ಈಗಲ್. ಒಂದು ಜಾಸ್ತಿ ಹೋದರೆ ಬೋಗಿ, ಎರಡು ಜಾಸ್ತಿ ಹೋದರೆ ಡಬಲ್ ಬೋಗಿ. ಟಿವಿಯಲ್ಲಿ ಆಟಗಾರನ ಹೆಸರಿನ ಮುಂದೆ ಮೈನಸ್ 11 ಅಂತ ಬಂದರೆ ಅವನು ಒಟ್ಟು ಪಾರ್‌ಗಿಂತ 11 ಹೊಡೆತ ಕಮ್ಮಿ ತಗೊಂಡಿದ್ದಾನೆ ಅಂತ. ಮೈನಸ್ ದೊಡ್ಡದಾದಷ್ಟೂ ಒಳ್ಳೇದು. ಒಟ್ಟು ಹೊಡೆತದ ಬದಲು ಈ ಮೈನಸ್ ಯಾಕೆ ತೋರಿಸುತ್ತಾರೆ ಅಂದರೆ, ಒಬ್ಬ 7ನೇ ಹೋಲ್‌ನಲ್ಲಿರುತ್ತಾನೆ, ಇನ್ನೊಬ್ಬ 15ರಲ್ಲಿರುತ್ತಾನೆ. ಇಬ್ಬರನ್ನೂ ಅರ್ಧ ಆಟದಲ್ಲೇ ಹೋಲಿಸೋದಕ್ಕೆ ಬೇರೆ ದಾರಿ ಇಲ್ಲ.

ಇಂಥ 18 ಹೋಲ್‌ಗಳನ್ನು ನಾಲ್ಕು ದಿನ ಆಡಬೇಕು, ಗುರುವಾರದಿಂದ ಭಾನುವಾರದವರೆಗೆ. ನಾಲ್ಕೂ ದಿನದ ಹೊಡೆತ ಕೂಡಿಸಿ ಫಲಿತಾಂಶ. ಟೆಸ್ಟ್ ಮ್ಯಾಚಿನಲ್ಲಿ ಮೊದಲ ಇನಿಂಗ್ಸ್ ಲೀಡ್ ಎರಡನೇ ಇನಿಂಗ್ಸ್‌ಗೂ ಬರುತ್ತಲ್ಲ, ಇಲ್ಲೂ ಹಾಗೇ. ಕೊನೇ ದಿನ ಹೆಚ್ಚುಕಡಿಮೆಯಾದರೂ ಹಿಂದೆ ಉಳಿಸಿಟ್ಟದ್ದು ಕಾಪಾಡಬಹುದು. 73 ಹೊಡೆದವನು ಗೆದ್ದದ್ದರ ಗುಟ್ಟು ಇಷ್ಟೇ, ಆದರೆ ಅಂಕಿ ನೋಡಿದರೆ ಮಜಾ ಇದೆ. ರೋಸ್ ನಾಲ್ಕು ದಿನ ಹೊಡೆದದ್ದು 65, 71, 75, 66. ರೋರಿ ಹೊಡೆದದ್ದು 72, 66, 66, 73. ಗುರುವಾರ ರಾತ್ರಿ ರೋಸ್ ಇಡೀ ಪಟ್ಟಿಯಲ್ಲಿ ಮೊದಲಿಗ, ರೋರಿ ಅವನಿಗಿಂತ ಏಳು ಹೊಡೆತ ಹಿಂದೆ. ಭಾನುವಾರ ಮಧ್ಯಾಹ್ನ ರೋರಿ ಮೊದಲಿಗ, ರೋಸ್ ಏಳು ಹೊಡೆತ ಹಿಂದೆ. ಭಾನುವಾರ ಸಂಜೆ ಕೂಡಿಸಿ ನೋಡಿದರೆ ಇಬ್ಬರದ್ದೂ 277. ಮೈನಸ್ 11, ಸಮ ಸಮ.

ನಾಲ್ಕು ದಿನ ಆಡುವ ಭಾಗ್ಯ ಎಲ್ಲರಿಗೂ ಇಲ್ಲ. ಎರಡು ದಿನ ಆದಮೇಲೆ ಮೊದಲ 50 ಜನ ಮತ್ತು 50ನೇ ಸ್ಥಾನಕ್ಕೆ ಸಮನಾಗಿ ನಿಂತವರನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸುತ್ತಾರೆ. ಇದಕ್ಕೆ ಕಟ್ ಅನ್ನುತ್ತಾರೆ. ಕಟ್ ತಪ್ಪಿಸಿಕೊಂಡ ಅಂದರೆ ಬಚಾವಾದ ಅಂತಲ್ಲ, ಹೊರಗೆ ಬಿದ್ದ ಅಂತ. ಸುದ್ದಿ ಓದುವಾಗ ಎಷ್ಟೋ ಜನ ಎಡವೋದು ಇಲ್ಲೇ.

ಈಗ ಮೇಜರ್ ವಿಷಯ. ವೃತ್ತಿಪರ ಗಾಲ್ಫಿನಲ್ಲಿ ವರ್ಷವಿಡೀ ವಾರಕ್ಕೊಂದು ಟೂರ್ನಿ ನಡೆಯುತ್ತಿರುತ್ತದೆ. ಆದರೆ ಇತಿಹಾಸದ ಪುಸ್ತಕದಲ್ಲಿ ಗಂಡಸರ ಆಟಕ್ಕೆ ನಾಲ್ಕೇ ಲೆಕ್ಕ: ಏಪ್ರಿಲ್‌ನಲ್ಲಿ ಮಾಸ್ಟರ್ಸ್, ಮೇನಲ್ಲಿ ಪಿಜಿಎ ಚಾಂಪಿಯನ್‌ಶಿಪ್, ಜೂನ್‌ನಲ್ಲಿ ಯುಎಸ್ ಓಪನ್, ಜುಲೈನಲ್ಲಿ ಬ್ರಿಟನ್ ಕಡೆ ನಡೆಯುವ ಓಪನ್. ಸೌದಿ ದುಡ್ಡಿನಲ್ಲಿ ಲಿವ್ ಗಾಲ್ಫ್ ಅನ್ನುವ ಪ್ರತಿಸ್ಪರ್ಧಿ ಟೂರ್ನಿ ಸರಣಿ ಶುರುವಾದ ಮೇಲಂತೂ ದೊಡ್ಡ ಆಟಗಾರರು ಎರಡು ಪಾಳಯವಾಗಿ ಒಡೆದರು. ಅವರೆಲ್ಲ ಒಟ್ಟಿಗೆ ಎದುರುಬದುರಾಗೋದು ಮುಖ್ಯವಾಗಿ ಈ ನಾಲ್ಕು ವಾರ. 2025ರ ಭಾನುವಾರ ರೋರಿ ಜೊತೆ ಕೊನೇ ಜೋಡಿಯಾಗಿ ಆಡಿದ ಬ್ರೈಸನ್ ಡಿಶ್ಯಾಂಬೋ ಲಿವ್ ಕಡೆಯವನು. ರೋರಿ ಬಹಳ ಕಾಲ ಲಿವ್ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವನು. ಸಾಲದ್ದಕ್ಕೆ 2024ರ ಯುಎಸ್ ಓಪನ್‌ನಲ್ಲಿ ಕೊನೇ ಮೂರು ಹೋಲ್‌ಗಳೊಳಗೆ ಎರಡು ಪುಟ್ಟ ಪಟ್ ತಪ್ಪಿಸಿ, ಒಂದೇ ಹೊಡೆತದಿಂದ ರೋರಿ ಸೋತದ್ದು ಇದೇ ಬ್ರೈಸನ್‌ಗೆ.

ಮಿಕ್ಕ ಮೂರು ಮೇಜರ್‌ಗಳು ವರ್ಷಕ್ಕೊಂದು ಕೋರ್ಸಿಗೆ ಹೋಗುತ್ತವೆ. ಮಾಸ್ಟರ್ಸ್ ಮಾತ್ರ ಜಾಗ ಬಿಟ್ಟು ಕದಲೋದಿಲ್ಲ. 1934ರಿಂದಲೂ ಅಗಸ್ಟಾ ನ್ಯಾಷನಲ್ ಕ್ಲಬ್ಬಿನಲ್ಲೇ. ಬಾಬಿ ಜೋನ್ಸ್ ಅನ್ನುವ ದೊಡ್ಡ ಆಟಗಾರ, ಅಲಿಸ್ಟರ್ ಮೆಕೆಂಝಿ ಅನ್ನುವ ಕೋರ್ಸ್ ವಿನ್ಯಾಸಕಾರನ ಜೊತೆ ಸೇರಿ ಹಳೇ ಸಸ್ಯ ನರ್ಸರಿಯೊಂದರ ಜಾಗದಲ್ಲಿ ಇದನ್ನು ಕಟ್ಟಿದ. ಅದಕ್ಕೇ ಒಂದೊಂದು ಹೋಲ್‌ಗೂ ಒಂದೊಂದು ಗಿಡದ ಹೆಸರು: 10ನೇದು ಕಮೀಲಿಯಾ, 13ನೇದು ಅಜೇಲಿಯಾ, 18ನೇದು ಹಾಲಿ. (ಹಳೇದು ಅನ್ನೋ ಲೆಕ್ಕದಲ್ಲಿ ನಮ್ಮ ಹೈಗ್ರೌಂಡ್ಸ್ ಪಕ್ಕದ ಬೆಂಗಳೂರು ಗಾಲ್ಫ್ ಕ್ಲಬ್ ಇದಕ್ಕಿಂತ ಅರ್ಧ ಶತಮಾನಕ್ಕೂ ಹಿರಿಯ, 1876ರದ್ದು.) ಕ್ಲಬ್ಬಿನ ಗತ್ತು ಬೇರೆಯದೇ. ಪ್ರೇಕ್ಷಕರು ಒಳಗೆ ಫೋನ್ ತರುವಂತಿಲ್ಲ, ಓಡುವಂತಿಲ್ಲ. ಸ್ಕೋರ್‌ಬೋರ್ಡಿನಲ್ಲಿ ಅಂಕಿ ಬದಲಾಯಿಸೋದು ಇವತ್ತಿಗೂ ಮನುಷ್ಯರ ಕೈ. ಈ ಗತ್ತಿಗೆ ಕೆಟ್ಟ ಮುಖವೂ ಇದೆ. ಕಪ್ಪು ಆಟಗಾರನೊಬ್ಬ ಮೊದಲ ಸಲ ಮಾಸ್ಟರ್ಸ್ ಆಡಿದ್ದು 1975ರಲ್ಲಿ, ಲೀ ಎಲ್ಡರ್. ಹೆಂಗಸರಿಗೆ ಕ್ಲಬ್ಬಿನ ಸದಸ್ಯತ್ವ ಸಿಕ್ಕಿದ್ದು 2012ರಲ್ಲಿ! ಟಿವಿಯಲ್ಲಿ ಹೂವು ಎಷ್ಟೇ ಚೆನ್ನಾಗಿ ಕಾಣಲಿ, ಇದನ್ನು ಮರೆತು ಮಾತಾಡೋದು ಸರಿ ಅಲ್ಲ.

ಟಿವಿ ತೋರಿಸದ ಇನ್ನೊಂದು ಸಂಗತಿ ಇಳಿಜಾರು. ಪರದೆ ಮೇಲೆ ಕೋರ್ಸ್ ಚಪ್ಪಟೆ ಕಾಣುತ್ತೆ. ನಿಜದಲ್ಲಿ 10ನೇ ಹೋಲ್ ಟೀಯಿಂದ ಗ್ರೀನ್‌ವರೆಗೆ ಧಡಕ್ಕನೆ ಕೆಳಗಿಳಿಯುತ್ತೆ, 18ನೇದು ಏರು. ಗ್ರೀನ್‌ಗಳು ಜಾರುಬಂಡೆಯಷ್ಟು ವೇಗ. ಕುಳಿಗಿಂತ ಮೇಲಿನ ಕಡೆ ಚೆಂಡು ನಿಂತರೆ ಸುಮ್ನೆ ಮುಟ್ಟಿದರೂ ಐದಾರು ಅಡಿ ಆಚೆ ಹೋಗಿ ನಿಲ್ಲುತ್ತೆ. ಹಾಗಾಗಿ ಇಲ್ಲಿ ಚೆಂಡನ್ನು ಕುಳಿಯ ಹತ್ತಿರ ಹಾಕಿದರೆ ಸಾಲದು, ಕುಳಿಯ ಯಾವ ಕಡೆ ಅನ್ನೋದು ಮುಖ್ಯ. 11, 12, 13ನೇ ಹೋಲ್‌ಗಳು ತಗ್ಗಿನಲ್ಲಿ, ರೇಸ್ ಕ್ರೀಕ್ ಅನ್ನುವ ಪುಟ್ಟ ಹಳ್ಳದ ಬದಿಯಲ್ಲಿವೆ. ಆ ಮೂಲೆಗೆ ಆಮೆನ್ ಕಾರ್ನರ್ ಅಂತ ಹೆಸರು. ಮರಗಳ ನಡುವೆ ಗಾಳಿ ಸುತ್ತಿ ಸುತ್ತಿ ಬರುತ್ತೆ, ಯಾವ ಕಡೆಯಿಂದ ಅಂತ ಗೊತ್ತಾಗೋದಿಲ್ಲ. 12ನೇ ಹೋಲ್ ಕೇವಲ 155 ಗಜ, ಪಾರ್ 3. ಅಲ್ಲಿ 2016ರಲ್ಲಿ ಜೋರ್ಡನ್ ಸ್ಪೀತ್ ಮುನ್ನಡೆಯಲ್ಲಿದ್ದಾಗ 7 ತಗೊಂಡು ಟೂರ್ನಿಯನ್ನೇ ಕಳಕೊಂಡ. 2020ರಲ್ಲಿ ಟೈಗರ್ ವುಡ್ಸ್ ಅದೇ ಹೋಲ್‌ನಲ್ಲಿ 10 ಹೊಡೆದ. ಹೌದು, ಟೈಗರ್ ವುಡ್ಸ್, ಹತ್ತು.

ಇನ್ನು ರೋರಿಯ ಹೆಗಲ ಮೇಲಿದ್ದ ಭಾರ. ನಾಲ್ಕೂ ಮೇಜರ್‌ಗಳನ್ನು ವೃತ್ತಿಜೀವನದಲ್ಲಿ ಒಂದೊಂದು ಸಲವಾದರೂ ಗೆದ್ದರೆ ಅದಕ್ಕೆ ಕರಿಯರ್ ಗ್ರ್ಯಾಂಡ್ ಸ್ಲ್ಯಾಮ್ ಅನ್ನುತ್ತಾರೆ. ಒಂದೇ ವರ್ಷದಲ್ಲಿ ಆಗಬೇಕಿಲ್ಲ. ಆದರೂ ಅಲ್ಲಿಯವರೆಗೆ ಅದನ್ನು ಮಾಡಿದವರು ಐದೇ ಜನ: ಜೀನ್ ಸರಾಜೆನ್, ಬೆನ್ ಹೋಗನ್, ಗ್ಯಾರಿ ಪ್ಲೇಯರ್, ಜ್ಯಾಕ್ ನಿಕ್ಲಸ್, 2000ದಲ್ಲಿ ಟೈಗರ್ ವುಡ್ಸ್. ರೋರಿ 2011ರಲ್ಲಿ ಯುಎಸ್ ಓಪನ್ ಗೆದ್ದ, 2012ರಲ್ಲಿ ಪಿಜಿಎ, 2014ರಲ್ಲಿ ಓಪನ್, ಮರುತಿಂಗಳೇ ಇನ್ನೊಂದು ಪಿಜಿಎ. ವಯಸ್ಸು 25, ಕೈಯಲ್ಲಿ ನಾಲ್ಕು ಮೇಜರ್, ಬಾಕಿ ಉಳಿದದ್ದು ಮಾಸ್ಟರ್ಸ್ ಒಂದೇ. ಇನ್ನೇನು ಮುಂದಿನ ಏಪ್ರಿಲ್ ಅಂತ ಎಲ್ಲರೂ ಅಂದುಕೊಂಡರು. ಹಾಗೆ ಅಂದುಕೊಂಡೇ ಹತ್ತು ಏಪ್ರಿಲ್ ಹೋಯಿತು. ಮಾಸ್ಟರ್ಸ್ ಬಿಡಿ, ಯಾವ ಮೇಜರೂ ಬರಲಿಲ್ಲ.

ಅಗಸ್ಟಾದ ಗಾಯ ಇನ್ನೂ ಹಳೇದು. 2011ರಲ್ಲಿ, 21ರ ಹುಡುಗ, ಕೊನೇ ದಿನಕ್ಕೆ ನಾಲ್ಕು ಹೊಡೆತ ಮುಂದೆ ಇದ್ದ. 10ನೇ ಹೋಲ್‌ನಲ್ಲಿ ಮೊದಲ ಹೊಡೆತ ಎಡಕ್ಕೆ ತಿರುಗಿ, ಕ್ಯಾಮೆರಾ ಕೂಡ ಯಾವತ್ತೂ ಹೋಗದ ಕಡೆ, ಕ್ಲಬ್ಬಿನ ಕ್ಯಾಬಿನ್‌ಗಳ ಸಂದಿಗೆ ಹೋಯಿತು. ಅಲ್ಲಿ 7, ಮುಂದೆ ಬೋಗಿ, 12ರಲ್ಲಿ ಗ್ರೀನ್ ಮೇಲೆ ನಾಲ್ಕು ಪಟ್. ಒಟ್ಟು 80 ಹೊಡೆದು 15ನೇ ಸ್ಥಾನಕ್ಕೆ ಇಳಿದ. ಎರಡೇ ತಿಂಗಳಿಗೆ ಯುಎಸ್ ಓಪನ್ನನ್ನು ಎಂಟು ಹೊಡೆತಗಳ ಅಂತರದಲ್ಲಿ ಗೆದ್ದದ್ದೂ ಅವನೇ. ಆದರೆ ಪ್ರತಿ ಏಪ್ರಿಲ್‌ಗೂ ಟಿವಿಯವರು ಹಾಕಿದ್ದು ಆ ಕ್ಯಾಬಿನ್ ದೃಶ್ಯವನ್ನೇ.

ಸರಿ, ಈಗ ಆ ಭಾನುವಾರ. ರೋರಿ ಮೈನಸ್ 12, ಬ್ರೈಸನ್ ಮೈನಸ್ 10, ರೋಸ್ ಮೈನಸ್ 5. ಮೊದಲ ಹೋಲ್, ಪಾರ್ 4. ರೋರಿಯ ಮೊದಲ ಹೊಡೆತವೇ ಬಂಕರ್‌ಗೆ. ಮರಳಿನಿಂದ ಹೊರಗೆ ತೆಗೆದ, ಮೂರನೆಯದರಲ್ಲಿ ಗ್ರೀನ್ ಹತ್ತಿದ, ಅಲ್ಲಿ ಮೂರು ಪಟ್. ಒಟ್ಟು ಆರು, ಡಬಲ್ ಬೋಗಿ. ಎರಡು ಹೊಡೆತದ ಮುನ್ನಡೆ ಹತ್ತು ಹದಿನೈದು ನಿಮಿಷದಲ್ಲಿ ಖಲಾಸ್. ಎರಡನೇ ಹೋಲ್‌ನಲ್ಲಿ ಬ್ರೈಸನ್ ಬರ್ಡಿ ಹೊಡೆದು ಮುಂದೆ ಹೋದ. ಮೂರು ಮತ್ತು ನಾಲ್ಕರಲ್ಲಿ ರೋರಿ ಎರಡು ಬರ್ಡಿ, ಬ್ರೈಸನ್ ಎರಡು ಬೋಗಿ, ಮತ್ತೆ ರೋರಿ ಮುಂದೆ. ಒಂದೇ ಗುಂಪಿನಲ್ಲಿ ಆಡುವಾಗ ಒಬ್ಬನ ಬರ್ಡಿ, ಇನ್ನೊಬ್ಬನ ಬೋಗಿ ಅಂದರೆ ಒಂದು ಹೋಲ್‌ಗೆ ಎರಡು ಹೊಡೆತದ ವ್ಯತ್ಯಾಸ. ಅದು ಎರಡು ಹೋಲ್‌ನಲ್ಲಿ ಬೆನ್ನುಬೆನ್ನಿಗೆ ಆಯಿತು. ಬ್ರೈಸನ್ ಅವತ್ತು 75 ಹೊಡೆದು ಕಥೆಯಿಂದ ಹೊರಗೆ ಹೋದ, ಅವನನ್ನು ಇಲ್ಲಿಗೆ ಬಿಡೋಣ.

9ರಲ್ಲಿ ಬರ್ಡಿ. 10ರಲ್ಲಿ ಬರ್ಡಿ, ಅದೇ ಕ್ಯಾಬಿನ್ ಹೋಲ್‌ನಲ್ಲಿ. ರೋರಿ ಮೈನಸ್ 14. 11ರಲ್ಲಿ ಒಂದು ಬೋಗಿ, 12 ಅನ್ನುವ ಗಂಡಾಂತರವನ್ನು ಪಾರ್‌ನಲ್ಲಿ ದಾಟಿದ. ಹೆಚ್ಚುಕಡಿಮೆ ನಾಲ್ಕು ಹೊಡೆತ ಮುಂದೆ ಇದ್ದಾನೆ, ಮುಂದಿರೋದು 13, ಪಾರ್ 5. ಮನೆಯಲ್ಲಿ ಕೂತು ನೋಡುತ್ತಿದ್ದವರೆಲ್ಲ ಮುಗೀತು ಅಂದುಕೊಂಡ ಗಳಿಗೆ.

13ನೇ ಹೋಲ್ ಸ್ವಲ್ಪ ನಿಧಾನವಾಗಿ ನೋಡಬೇಕು. 545 ಗಜ ಉದ್ದ, ಎಡಕ್ಕೆ ತಿರುಗುತ್ತೆ, ಗ್ರೀನ್ ಎದುರಿಗೇ ಹಳ್ಳ ಅಡ್ಡ ಬಂದು ಬಲಗಡೆಗೂ ಸುತ್ತಿಕೊಂಡಿರುತ್ತೆ. ಇಲ್ಲಿ ಎರಡು ದಾರಿ. ಎರಡನೇ ಹೊಡೆತದಲ್ಲೇ ಹಳ್ಳ ಹಾರಿಸಿ ಗ್ರೀನ್ ಹತ್ತಿದರೆ ಈಗಲ್‌ಗೆ ಅವಕಾಶ, ಕಮ್ಮಿ ಬಿದ್ದರೆ ನೀರು. ಇಲ್ಲವೇ ಎರಡನೆಯದನ್ನು ಬೇಕಂತಲೇ ಹಳ್ಳದ ಈಚೆ ನಿಲ್ಲಿಸಿ, ಮೂರನೆಯದರಲ್ಲಿ ಗ್ರೀನ್‌ಗೆ ಹಾಕಿ, ಎರಡು ಪಟ್‌ನಲ್ಲಿ ನೆಮ್ಮದಿಯ ಪಾರ್. ಇದಕ್ಕೆ ಲೇ-ಅಪ್ ಅನ್ನುತ್ತಾರೆ. ನಾಲ್ಕು ಹೊಡೆತ ಮುಂದೆ ಇರುವವನಿಗೆ ಈಗಲ್ ಯಾಕೆ ಬೇಕು? ರೋರಿ ಟೀಯಿಂದಲೂ ಅತಿ ದೂರ ಹೊಡೆಯುವ ಡ್ರೈವರ್ ಬಿಟ್ಟು ಚಿಕ್ಕ ಕ್ಲಬ್ (ಗಾಲ್ಫಿನಲ್ಲಿ ಹೊಡೆಯುವ ಕೋಲಿಗೂ ಕ್ಲಬ್ ಅಂತಲೇ ಹೆಸರು) ಹಿಡಿದ, ಎರಡನೆಯದನ್ನು ಈಚೆ ನಿಲ್ಲಿಸಿದ. ಉಳಿದದ್ದು 80 ಗಜದ ಆಸುಪಾಸು. ಕೈಯಲ್ಲಿ ವೆಡ್ಜ್, ಅಂದರೆ ಚೆಂಡನ್ನು ಎತ್ತರಕ್ಕೆ ಎತ್ತಿ ಬಿದ್ದಲ್ಲೇ ನಿಲ್ಲಿಸುವ ಕ್ಲಬ್. ಎದುರಿಗೆ ಅಗಲವಾದ ಗ್ರೀನ್, ಎಡಗಡೆ ಬೇಕಾದಷ್ಟು ಜಾಗ. ಚೆಂಡು ಬಲಕ್ಕೆ ಸರಿಯಿತು, ಗ್ರೀನ್ ಅಂಚಿಗೆ ಬಡಿದು ಹಳ್ಳಕ್ಕೆ ಉರುಳಿತು.

ಲೆಕ್ಕ ಹಾಕಿ. ಮೂರನೇ ಹೊಡೆತ ನೀರಿಗೆ. ನೀರಿಗೆ ಬಿದ್ದದ್ದಕ್ಕೆ ದಂಡ ಒಂದು, ಅದು ನಾಲ್ಕು. ಈಚೆ ಚೆಂಡು ಬಿಟ್ಟು ಮತ್ತೆ ಹೊಡೆದು ಗ್ರೀನ್ ಹತ್ತಿಸಿದ್ದು ಐದು. ಎರಡು ಪಟ್, ಏಳು. ಡಬಲ್ ಬೋಗಿ. ಮುಂದಿನ ಹೋಲ್‌ನಲ್ಲೂ ಬೋಗಿ. ಮೈನಸ್ 14 ಇದ್ದವನು ನಾಲ್ಕೇ ಹೋಲ್‌ಗಳಲ್ಲಿ ಮೈನಸ್ 10ಕ್ಕೆ ಬಂದ. ಅಷ್ಟರಲ್ಲಿ ಮುಂದಿನ ಗುಂಪುಗಳಲ್ಲಿ ರೋಸ್ ಬರ್ಡಿ ಮೇಲೆ ಬರ್ಡಿ ಹೊಡೆಯುತ್ತಿದ್ದ. ಅವನದ್ದು ಆ ದಿನ ಒಟ್ಟು ಹತ್ತು ಬರ್ಡಿ.

ಆಮೇಲೆ ತುಂಬಾ ಜನ ಬೈದರು. ಪುಕ್ಕಲುತನ ಮಾಡಿದ, ಧೈರ್ಯವಾಗಿ ಹೊಡೆಯಬೇಕಿತ್ತು ಅಂತ. ನನಗೆ ಒಪ್ಪಿಗೆ ಇಲ್ಲ. ನಿರ್ಧಾರ ಬೇರೆ, ಹೊಡೆತ ಬೇರೆ. 80 ಗಜದಿಂದ ಈ ಮಟ್ಟದ ಆಟಗಾರ ನೀರಿಗೆ ಹಾಕೋದು ಅಪರೂಪದಲ್ಲಿ ಅಪರೂಪ. 220 ಗಜಕ್ಕೂ ಮೇಲಿಂದ ಹಳ್ಳ ಹಾರಿಸಲು ಹೋದರೆ ನೀರಿಗೆ ಬೀಳೋ ಅಪಾಯ ಅದಕ್ಕಿಂತ ಎಷ್ಟೋ ಜಾಸ್ತಿ. ಅವನು ಆರಿಸಿದ ದಾರಿ ಸರಿಯಾದದ್ದೇ, ಕಾಲಿಟ್ಟದ್ದು ತಪ್ಪಾಯಿತು. ಒಂದು ಮಾತು ಮಾತ್ರ ನಿಜ. ಪೂರ್ತಿ ಬಲದ ಹೊಡೆತಕ್ಕಿಂತ ಅರ್ಧ ಬಲದ ಹೊಡೆತದಲ್ಲಿ ಯೋಚನೆಗೆ ಜಾಗ ಜಾಸ್ತಿ. ಪೂರ್ತಿ ಬೀಸುವಾಗ ಮೈಗೆ ರೂಢಿಯ ಅಳತೆ ಇರುತ್ತೆ. ಅರ್ಧ ಬೀಸುವಾಗ ಎಷ್ಟು ಅರ್ಧ ಅಂತ ಆ ಕ್ಷಣದಲ್ಲಿ ತೀರ್ಮಾನ ಆಗಬೇಕು. ಕೈ ನಡುಗುವ ದಿನ ಅದು ಒಳ್ಳೇದಲ್ಲ.

ಈಗ 15ಕ್ಕೆ ಬನ್ನಿ. ಇದೂ ಪಾರ್ 5, ಗ್ರೀನ್ ಮುಂದೆ ಕೊಳ, ಹಿಂದೆಯೂ ಇಳಿಜಾರು. ಗುರುವಾರ ರೋರಿ ಇದೇ ಗ್ರೀನ್‌ನ ಹಿಂಬದಿಯಿಂದ ಮೆಲ್ಲಗೆ ತಳ್ಳಿದ ಚೆಂಡು ಗ್ರೀನ್ ಪೂರ್ತಿ ದಾಟಿ ಉರುಳಿಕೊಂಡು ಮುಂದಿನ ಕೊಳಕ್ಕೆ ಬಿದ್ದು ಡಬಲ್ ಬೋಗಿ ಆಗಿತ್ತು. ಭಾನುವಾರ ಅವನ ಮೊದಲ ಹೊಡೆತ ಎಡಕ್ಕೆ ಹೋಗಿ ನಿಂತಿತು. ಗ್ರೀನ್‌ಗೆ 200 ಗಜಕ್ಕಿಂತ ಸ್ವಲ್ಪ ಜಾಸ್ತಿ, ನೇರ ದಾರಿಗೆ ಮರ ಅಡ್ಡ. ಇಲ್ಲಿ ಈಚೆ ನಿಲ್ಲಿಸಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು 7 ಐರನ್ ಅನ್ನುವ ಕ್ಲಬ್ ಹಿಡಿದು ಮರದ ಬಲಗಡೆಗೆ ಗುರಿಯಿಟ್ಟು, ಚೆಂಡು ಗಾಳಿಯಲ್ಲಿ ಎಡಕ್ಕೆ ಬಾಗಿ ಬರುವಂತೆ ಹೊಡೆದ.

ಚೆಂಡನ್ನು ಬಾಗಿಸೋದು ಹೇಗೆ ಅಂತ ಕೇಳಿದರೆ, ಕ್ಲಬ್ ಬೀಸುವ ದಿಕ್ಕು ಒಂದು, ಕ್ಲಬ್ಬಿನ ಮುಖ ನೋಡುವ ದಿಕ್ಕು ಇನ್ನೊಂದು. ಬಲಗೈ ಆಟಗಾರ ಬಲಕ್ಕೆ ಬೀಸುತ್ತಾ ಮುಖವನ್ನು ಅದಕ್ಕಿಂತ ಸ್ವಲ್ಪ ಎಡಕ್ಕೆ ಮುಚ್ಚಿ ಹಿಡಿದರೆ ಚೆಂಡಿನ ಸ್ಪಿನ್ ವಾಲುತ್ತೆ. ಹಿಂದಕ್ಕೆ ತಿರುಗುತ್ತಾ ಹಾರುವ ಚೆಂಡಿಗೆ ಗಾಳಿ ಮೇಲಕ್ಕೆ ಒತ್ತು ಕೊಡುತ್ತೆ. ಆ ತಿರುಗು ವಾಲಿದರೆ ಒತ್ತೂ ವಾಲುತ್ತೆ, ಚೆಂಡು ಎಡಕ್ಕೆ ಎಳೆದುಕೊಳ್ಳುತ್ತೆ. ವಾಲಿದ್ದು ಜಾಸ್ತಿಯಾದರೆ ಗ್ರೀನ್ ಎಡಗಡೆ ದಾಟಿ ಹೋಗುತ್ತೆ, ಕಮ್ಮಿಯಾದರೆ ಬಾಗದೆ ಬಲಗಡೆ ಉಳಿಯುತ್ತೆ, ಸರಿಯಾಗಿ ತಾಗದೆ ದೂರ ಕಮ್ಮಿಯಾದರೆ ಕೊಳ. ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಮ್ಮಿ ಹೊತ್ತು ಕ್ಲಬ್ ಚೆಂಡನ್ನು ಮುಟ್ಟಿರುತ್ತೆ. ಆ ಹೊತ್ತಲ್ಲಿ ಇಷ್ಟೂ ತೀರ್ಮಾನ.

ಚೆಂಡು ಮರ ಸುತ್ತಿಕೊಂಡು, ಕೊಳ ದಾಟಿ, ಕುಳಿಯಿಂದ ಆರು ಅಡಿಗೆ ಬಂದು ನಿಂತಿತು. ಸುಲಭದ ಹೊಡೆತವನ್ನು ಎರಡು ಹೋಲ್ ಹಿಂದೆ ನೀರಿಗೆ ಹಾಕಿದ ಅದೇ ಮನುಷ್ಯ! ಆಮೇಲೆ ಆ ಆರು ಅಡಿಯ ಈಗಲ್ ಪಟ್ ತಪ್ಪಿಸಿ ಬರ್ಡಿಗೆ ಸಮಾಧಾನ ಮಾಡಿಕೊಂಡ, ಅದು ರೋರಿ. 17ರಲ್ಲಿ ಇನ್ನೊಂದು ಅದ್ಭುತ ಐರನ್ ಹೊಡೆತ, ಎರಡು ಮೂರು ಅಡಿಗೆ ತಂದು ಬರ್ಡಿ. ಮೈನಸ್ 12.

ರೋಸ್ ಅಷ್ಟರಲ್ಲಿ ಆಟ ಮುಗಿಸಿದ್ದ. 17ರಲ್ಲಿ ಬೋಗಿ ಆದರೂ 18ರಲ್ಲಿ ಉದ್ದದ ಬರ್ಡಿ ಪಟ್ ಒಳಗೆ ಹಾಕಿ ಮೈನಸ್ 11ಕ್ಕೆ ನಿಲ್ಲಿಸಿದ್ದ. ಗಾಲ್ಫಿನಲ್ಲಿ ಇದು ವಿಚಿತ್ರ ಸ್ಥಿತಿ. ಇನ್ನು ಮಾಡಲು ಏನೂ ಇಲ್ಲ, ಎದುರಾಳಿಯ ಚೆಂಡನ್ನು ತಡೆಯುವ ಹಾಗಿಲ್ಲ, ಕಾಯಬೇಕು ಅಷ್ಟೇ. ರೋರಿ 18ರಲ್ಲಿ ಪಾರ್ ಮಾಡಿದರೆ ಸಾಕು. ಮೊದಲ ಹೊಡೆತ ಸೊಗಸಾಗಿ ಬಿತ್ತು. ಉಳಿದದ್ದು 125 ಗಜದ ವೆಡ್ಜ್. ಅದು ಬಲಗಡೆಯ ಬಂಕರ್‌ಗೆ ಹೋಯಿತು. ಮರಳಿನಿಂದ ಎತ್ತಿ ಐದು ಅಡಿಗೆ ತಂದ. ಆ ಐದು ಅಡಿ ಪಟ್ ಒಳಗೆ ಬಿದ್ದರೆ ಹನ್ನೊಂದು ವರ್ಷದ ಕಾಯುವಿಕೆ ಮುಗೀತು. ಬೀಳಲಿಲ್ಲ. ಬೋಗಿ, ಮೈನಸ್ 11, ಟೈ.

ಟೈ ಆದರೆ ಏನು ಮಾಡಬೇಕು ಅನ್ನೋದು ಒಂದೊಂದು ಮೇಜರ್‌ಗೆ ಒಂದೊಂದು ಥರ. ಯುಎಸ್ ಓಪನ್‌ನಲ್ಲಿ ಎರಡು ಹೋಲ್ ಆಡಿಸಿ ಕೂಡಿಸುತ್ತಾರೆ. ಓಪನ್ ಮತ್ತು ಪಿಜಿಎಯಲ್ಲಿ ಮೂರು ಹೋಲ್. ಅಂದರೆ ಒಂದರಲ್ಲಿ ತಪ್ಪಿದರೂ ಮುಂದಿನದ್ದರಲ್ಲಿ ಸರಿ ಮಾಡಿಕೊಳ್ಳಬಹುದು. ಮಾಸ್ಟರ್ಸ್‌ನಲ್ಲಿ ಆ ಕರುಣೆ ಇಲ್ಲ. 18ನೇ ಹೋಲ್ ಮತ್ತೆ ಆಡಬೇಕು, ಯಾರು ಕಮ್ಮಿಯಲ್ಲಿ ಮುಗಿಸಿದರೋ ಅವರದ್ದೇ ಟೂರ್ನಿ. ಅಲ್ಲೂ ಸಮನಾದರೆ 10ನೇ ಹೋಲ್, ಆಮೇಲೆ ಮತ್ತೆ 18. ನಾಲ್ಕು ದಿನ, 72 ಹೋಲ್, 277 ಹೊಡೆತ ಎಲ್ಲಾ ಪಕ್ಕಕ್ಕಿಟ್ಟು ಒಂದೇ ಹೋಲ್‌ನಲ್ಲಿ ತೀರ್ಪು. ನ್ಯಾಯವಾ ಅಂತ ಕೇಳಿದರೆ ನನಗೆ ಮೂರು ಹೋಲ್‌ನ ಪದ್ಧತಿಯೇ ಸರಿ ಅನ್ನಿಸುತ್ತೆ. ಆದರೆ ನೋಡೋಕೆ ಇದೇ ರೋಚಕ, ಸುಳ್ಳು ಯಾಕೆ ಹೇಳಲಿ.

ಒಂದು ಹೊಡೆತದ ಬೆಲೆ ನಮ್ಮವರಿಗೂ ಗೊತ್ತು. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಕೊನೇ ಸುತ್ತಿಗೆ ಬೆಳಬೆಳಗ್ಗೆ ಎದ್ದು, ಬೋಗಿ ಅಂದರೇನು ಅಂತ ಗೂಗಲ್ ಮಾಡುತ್ತಾ ಎಷ್ಟು ಜನ ಟಿವಿ ಮುಂದೆ ಕೂತಿದ್ದೆವು, ಅಲ್ವಾ? ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಮೈನಸ್ 15ರಲ್ಲಿ ಮುಗಿಸಿ ನಾಲ್ಕನೇ ಸ್ಥಾನಕ್ಕೆ ನಿಂತಳು. ಮೈನಸ್ 16ರಲ್ಲಿದ್ದ ಇಬ್ಬರು ಪ್ಲೇಆಫ್, ಅಂದರೆ ಟೈ ಮುರಿಯುವ ಆಟ, ಆಡಿ ಬೆಳ್ಳಿ, ಕಂಚು ಹಂಚಿಕೊಂಡರು. ಇನ್ನೊಂದೇ ಒಂದು ಪಟ್ ಒಳಗೆ ಬಿದ್ದಿದ್ದರೆ ಆ ಪ್ಲೇಆಫ್‌ನಲ್ಲಿ ಮೂರನೆಯವಳಾಗಿ ಅವಳೂ ಇರುತ್ತಿದ್ದಳು.

ಮತ್ತೆ ಅಗಸ್ಟಾಕ್ಕೆ. ಪ್ಲೇಆಫ್‌ಗೆ ಗಾಡಿಯಲ್ಲಿ ಟೀ ಕಡೆ ವಾಪಸ್ ಹೋಗುವಾಗ ರೋರಿಯ ಕ್ಯಾಡಿ ಹ್ಯಾರಿ ಡೈಮಂಡ್ ಒಂದು ಮಾತು ಹೇಳಿದನಂತೆ. ಕ್ಯಾಡಿ ಅಂದರೆ ಬರೀ ಚೀಲ ಹೊರುವವನಲ್ಲ, ದೂರ ಅಳೆದು ಹೇಳುವವನು, ತಲೆ ಬಿಸಿಯಾದಾಗ ತಣ್ಣಗೆ ಮಾಡುವವನು. ಹ್ಯಾರಿ ಇವನ ಚಿಕ್ಕಂದಿನ ಗೆಳೆಯ. ಸೋಮವಾರ ಬೆಳಿಗ್ಗೆ ಯಾರಾದರೂ ನಮಗೆ ಈ ಅವಕಾಶ ಕೊಡುತ್ತೇನೆ ಅಂದಿದ್ದರೆ ಸುಮ್ನೆ ತಗೊಳ್ತಿದ್ವಿ ತಾನೆ, ಅನ್ನುವ ಅರ್ಥದ ಮಾತು. ಆ ಮಾತಿನಿಂದ ತಲೆ ತಿಳಿಯಾಯಿತು ಅಂತ ಆಮೇಲೆ ರೋರಿಯೇ ಪತ್ರಿಕಾಗೋಷ್ಠಿಯಲ್ಲಿ ಹೇಳಿದ.

ಇಬ್ಬರದ್ದೂ ಮೊದಲ ಹೊಡೆತ ಚೆನ್ನಾಗಿತ್ತು. ರೋಸ್ ಎರಡನೆಯದನ್ನು 15 ಅಡಿಗೆ ತಂದ. ರೋರಿಗೆ ಮತ್ತೆ ವೆಡ್ಜ್, ಸ್ವಲ್ಪ ಹೊತ್ತಿಗೆ ಮುಂಚೆ ಬಂಕರ್‌ಗೆ ಹಾಕಿದ್ದ ಅದೇ ಗ್ರೀನ್. ಈ ಸಲ ಚೆಂಡು ಕುಳಿಯ ಆಚೆ ಬಿದ್ದು, ಇಳಿಜಾರು ಹಿಡಿದು ವಾಪಸ್ ಉರುಳಿ, ನಾಲ್ಕು ಅಡಿಯೊಳಗೆ ನಿಂತಿತು. ರೋಸ್‌ನ ಪಟ್ ತಪ್ಪಿತು. ರೋರಿಯದ್ದು ಒಳಗೆ ಹೋಯಿತು. ಪಟರ್ ಎಲ್ಲಿ ಹೋಯಿತೋ ಗೊತ್ತಿಲ್ಲ, ಮನುಷ್ಯ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿ ಅತ್ತ. ಗ್ರ್ಯಾಂಡ್ ಸ್ಲ್ಯಾಮ್ ಪಟ್ಟಿಯಲ್ಲಿ ಆರನೇ ಹೆಸರು. ನಾಲ್ಕು ದಿನದಲ್ಲಿ ನಾಲ್ಕು ಡಬಲ್ ಬೋಗಿ ಮಾಡಿಯೂ ಮಾಸ್ಟರ್ಸ್ ಗೆದ್ದ ಮೊದಲಿಗನೂ ಅವನೇ.

ರೋಸ್ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯ. 44ನೇ ವಯಸ್ಸಿನಲ್ಲಿ, ಮೇಜರ್‌ನ ಕೊನೇ ದಿನ, ಅಗಸ್ಟಾದಲ್ಲಿ ಹತ್ತು ಬರ್ಡಿ ಹೊಡೆಯೋದು ಹುಡುಗಾಟ ಅಲ್ಲ. 2017ರಲ್ಲೂ ಅವನು ಇಲ್ಲೇ ಪ್ಲೇಆಫ್‌ನಲ್ಲಿ ಸೆರ್ಜಿಯೋ ಗಾರ್ಸಿಯಾಗೆ ಸೋತಿದ್ದ. ಮಾಸ್ಟರ್ಸ್ ಪ್ಲೇಆಫ್ ಎರಡು ಸಲ ಸೋತವರು ಅವನಿಗಿಂತ ಮುಂಚೆ ಒಬ್ಬನೇ, ಬೆನ್ ಹೋಗನ್. ಶನಿವಾರದ ಆ 75ರಲ್ಲಿ ಒಂದೇ ಒಂದು ಹೊಡೆತ ಉಳಿಸಿದ್ದರೂ ಪ್ಲೇಆಫ್ ಬೇಕಿರಲಿಲ್ಲ. ಭಾನುವಾರದ 18ನೇ ಹೋಲ್ ಎಲ್ಲರ ಕಣ್ಣಿಗೆ ಬಿತ್ತು, ಶನಿವಾರದ ಬೋಗಿಗಳು ಯಾರಿಗೂ ನೆನಪಿಲ್ಲ. ಸ್ಕೋರ್‌ಕಾರ್ಡಿನಲ್ಲಿ ಎರಡಕ್ಕೂ ಒಂದೇ ತೂಕ.

ಗೆದ್ದವನಿಗೆ ಸಿಕ್ಕಿದ್ದು 42 ಲಕ್ಷ ಡಾಲರ್, ಆಗಿನ ದರದಲ್ಲಿ ಸುಮಾರು 36 ಕೋಟಿ ರೂಪಾಯಿ. ದುಡ್ಡಿಗಿಂತ ಜಾಸ್ತಿ ಮಾತಾಡೋದು ಹಸಿರು ಕೋಟಿನ ಬಗ್ಗೆ. 1949ರಿಂದ ಗೆದ್ದವರಿಗೆ ಕೊಡುತ್ತಿದ್ದಾರೆ. ಹಿಂದಿನ ವರ್ಷ ಗೆದ್ದವನು ಹೊಸಬನಿಗೆ ತೊಡಿಸಬೇಕು, ಇಲ್ಲಿ ತೊಡಿಸಿದ್ದು ಸ್ಕಾಟಿ ಶೆಫ್ಲರ್. ಒಂದು ವರ್ಷ ಮನೆಗೆ ತಗೊಂಡು ಹೋಗಬಹುದು, ಆಮೇಲೆ ಅದನ್ನು ಕ್ಲಬ್ಬಿನಲ್ಲೇ ಇಡಬೇಕು. ಅದರ ಜೊತೆಗೆ ಬದುಕಿರುವವರೆಗೂ ಮಾಸ್ಟರ್ಸ್‌ಗೆ ಆಹ್ವಾನ.

ಮುಂದೆ ಯಾವತ್ತಾದರೂ ಏಪ್ರಿಲ್‌ನಲ್ಲಿ ನೀವು ನೋಡೋದಾದರೆ, ಟೂರ್ನಿಯ ಕೊನೇ ದಿನವಾದ ಭಾನುವಾರ ಕೊನೇ ಜೋಡಿ ಹೊರಡೋದು ನಮ್ಮ ಗಡಿಯಾರದಲ್ಲಿ ಹೆಚ್ಚುಕಡಿಮೆ ಮಧ್ಯರಾತ್ರಿ. ಆಮೆನ್ ಕಾರ್ನರ್ ಮುಟ್ಟೋವಾಗ ಎರಡೂವರೆ ಆಗಿರುತ್ತೆ. ಸೋಮವಾರ ಆಫೀಸಿಗೆ ಹೋಗಬೇಕು, ಇಡೀ ರಾತ್ರಿ ಆಗಲ್ಲ ಅನ್ನುವವರು ಮೂರಕ್ಕೆ ಅಲಾರಂ ಇಟ್ಟುಕೊಳ್ಳಿ, 15ರಿಂದ ಮುಂದಿನದ್ದಂತೂ ಸಿಗುತ್ತೆ.